ಪಿಯುಸಿಯಲ್ಲಿ ಮಾರ್ಕೆಟಿಂಗ್ ಓದುವವರು ಅಂಗಡಿಯಲ್ಲೂ ದುಡಿಯಬೇಕೆ?

ಪರ: ಸೀರೆ ಮಡಚುತ್ತಾ ಕಲಿತದ್ದು

ನನ್ನ ಮಗಳು ಎರಡನೇ ಪಿಯುಸಿ ವಾಣಿಜ್ಯ ಓದುತ್ತಿದ್ದಾಳೆ. ಮೊನ್ನೆ ವ್ಯವಹಾರ ಅಧ್ಯಯನದ ಪುಸ್ತಕ ಹಿಡಿದು "ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ" ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. 1960ರಲ್ಲಿ ಅಮೆರಿಕದ ಜೆರೋಮ್ ಮೆಕಾರ್ಥಿ ಮಾರ್ಕೆಟಿಂಗನ್ನು ಹೀಗೆ ನಾಲ್ಕು ಭಾಗ ಮಾಡಿ ಹೇಳಿದ್ದು ಇಂದಿಗೂ ನಮ್ಮ ಮಕ್ಕಳಿಗೆ ಬಾಯಿಪಾಠ. "ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಎಷ್ಟೋ ವರ್ಷ ಐದು ರೂಪಾಯಿಯಲ್ಲೇ ನಿಂತದ್ದು ಹೇಗೆ?" ಎಂದು ಕೇಳಿದೆ. ಅವಳಿಗೆ ಹೊಳೆಯಲಿಲ್ಲ. ಕಿರಾಣಿ ಅಂಗಡಿಯಲ್ಲಿ ಒಂದು ತಿಂಗಳು ನಿಂತ ಹುಡುಗನನ್ನು ಕೇಳಿ, ಥಟ್ಟನೆ ಹೇಳುತ್ತಾನೆ: ಬೆಲೆ ಅಲ್ಲೇ ಇತ್ತು, ಒಳಗಿನ ಗ್ರಾಂ ಇಳಿಯುತ್ತಾ ಬಂತು.

ನಾನು ಪಿಯುಸಿ ಓದುವಾಗ ದಾವಣಗೆರೆಯ ಚೌಕಿಪೇಟೆಯ ಸೀರೆ ಅಂಗಡಿಯೊಂದರಲ್ಲಿ ಸಂಜೆ ಹೊತ್ತು ಕೆಲಸ ಮಾಡುತ್ತಿದ್ದೆ. ತಿಂಗಳಿಗೆ 500 ರೂಪಾಯಿ. ಮೊದಲ ಹದಿನೈದು ದಿನ ಗಿರಾಕಿಗಳ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಬೇರೆಯವರು ಹರಡಿದ ಸೀರೆಗಳನ್ನು ಮಡಚಿ, ತೆಗೆದ ಖಾನೆಗೇ ಸೇರಿಸುವುದಷ್ಟೇ ನನ್ನ ಪಾಲು. ಮಡಚುತ್ತಾ ಅಕ್ಕಂದಿರು ಮಾರುವುದನ್ನು ನೋಡುತ್ತಿದ್ದೆ. ಅವರು ಎಂದೂ "ಎಷ್ಟರೊಳಗೆ ಬೇಕು?" ಎಂದು ಮಾತು ಶುರುಮಾಡುತ್ತಿರಲಿಲ್ಲ. "ಯಾರ ಮನೆ ಮದುವೆ?" ಎಂದು ಕೇಳುತ್ತಿದ್ದರು. ಮೊದಲು ಬಿಡಿಸುತ್ತಿದ್ದದ್ದು ಸೆರಗು. ಮೊದಲು ಇಳಿಸುತ್ತಿದ್ದದ್ದು ನಡುವಿನ ಬೆಲೆಯ ಸೀರೆ; ಗಿರಾಕಿಯ ಕಣ್ಣು ನೋಡಿ ಮೇಲಕ್ಕೋ ಕೆಳಕ್ಕೋ ಹೋಗುತ್ತಿದ್ದರು. "ಇನ್ನೂ ತೋರಿಸಿ" ಎನ್ನುವ ಹೆಂಗಸಿನ ಕೈ ಯಾವ ಸೀರೆಯ ಮೇಲೆ ಕೂತಿದೆಯೋ ಅದನ್ನು ಮೆಲ್ಲಗೆ ಪಕ್ಕಕ್ಕೆ ಎತ್ತಿಡುತ್ತಿದ್ದರು. ಹತ್ತಕ್ಕೆ ಎಂಟು ಸಲ ಕೊನೆಗೆ ಬಿಲ್ಲಾಗುತ್ತಿದ್ದದ್ದು ಅದೇ.

ನನ್ನ ಕೈಗೆ ಮೊದಲ ಗಿರಾಕಿ ಸಿಕ್ಕಿದ್ದು ಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿ. ಇಳಕಲ್ ಸೀರೆ ಬೇಕೆಂದರು. ನಾನು ಹುರುಪಿನಿಂದ ಒಂದನ್ನು ಹರಡಿ, "ಅಸಲಿ ಇಳಕಲ್ಲು ಅಜ್ಜಿ" ಎಂದೆ. ಅವರು ಬಣ್ಣವನ್ನೂ ನೋಡಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ತಿರುವಿ, ಬೆರಳಾಡಿಸಿ, "ಕೊಂಡಿ ಎಲ್ಲಿದೆ ತಂಗೀ?" ಎಂದರು. ಇಳಕಲ್ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಅದು ನನಗೆ ಗೊತ್ತೇ ಇರಲಿಲ್ಲ! ಗಲ್ಲಾದಲ್ಲಿ ಕೂತಿದ್ದ ಸಾಹುಕಾರರು ಎದ್ದು ಬಂದು, "ತಪ್ಪಾಯಿತಮ್ಮ, ಹುಡುಗಿ ಹೊಸಬಳು" ಎಂದು ಕೈಮಗ್ಗದ ಸೀರೆ ತೆಗೆಸಿಕೊಟ್ಟರು. ಆ ಸಂಜೆ ಅಂಗಡಿ ಮುಚ್ಚುವ ಮುನ್ನ ನನ್ನನ್ನು ಕೂರಿಸಿಕೊಂಡು, ಕೊಂಡಿ ಇರುವ ಸೀರೆಯನ್ನೂ ಇಲ್ಲದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಮುಂದಿನ ಮಾಗಿಯಲ್ಲಿ ಅದೇ ಅಜ್ಜಿ ಮೊಮ್ಮಗಳ ಮದುವೆಯ ಜವಳಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ನಮ್ಮ ಅಂಗಡಿಗೇ ಬಂದರು. ಗಿರಾಕಿಯ ವಿಶ್ವಾಸ ಎಂಬ ಮಾತಿಗೆ ನನಗೆ ಬೇರೆ ವ್ಯಾಖ್ಯೆ ಬೇಕಾಗಲಿಲ್ಲ.

ಓದು ಹಾಳಾಗುತ್ತದೆ ಎನ್ನುವವರ ಮನಸ್ಸಿನಲ್ಲಿರುವುದು ಓದಿನ ಚಿಂತೆಯಲ್ಲ ಎಂದೇ ನನ್ನ ಅನಿಸಿಕೆ. ಮಗ ಅಂಗಡಿಯಲ್ಲಿ ನಿಂತಿರುವುದನ್ನು ನೆಂಟರು ನೋಡಿಬಿಟ್ಟರೆ ಎಂಬ ಅಂಜಿಕೆ ಅದು. ಮಕ್ಕಳ ಕೈಯಿಂದ ಮೊಬೈಲ್ ಕಸಿಯಲಾಗದವರು ತಕ್ಕಡಿಯನ್ನು ಕಸಿಯಲು ಬರುತ್ತಾರೆ. ನನಗೆ ಪಿಯುಸಿಯಲ್ಲಿ ಬಂದ ಅಂಕವನ್ನು ಇವತ್ತಿನವರೆಗೆ ಯಾವ ಗಿರಾಕಿಯೂ ಕೇಳಿಲ್ಲ. ಈಗ ನನ್ನದೇ ಸೀರೆ ಅಂಗಡಿ ಇದೆ. ಈ ಭಾನುವಾರದಿಂದ ಮಗಳೂ ಬರುತ್ತಾಳೆ. ಅವಳಿಗೂ ಮೊದಲ ಹದಿನೈದು ದಿನ ಮಡಚುವ ಕೆಲಸವೇ.

ವಿರೋಧ: ಏಳು ಗಂಟೆಯ ನಂತರ ಏನು?

ಈ ಪಕ್ಷ ವಹಿಸಿ ಬರೆಯಬೇಕೆಂದು ಕೇಳಿದಾಗ ಎರಡು ದಿನ ಯೋಚಿಸಿ ಒಪ್ಪಿಕೊಂಡೆ. ನಾನು ಪದವಿಪೂರ್ವ ಕಾಲೇಜಿನ ಉಪನ್ಯಾಸಕ. ದುಡಿದು ಶುಲ್ಕ ಕಟ್ಟುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರಿಗೆ ಕೆಲಸ ಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಮಾರ್ಕೆಟಿಂಗ್ ಕಲಿಯಲಿ ಎಂಬ ಕಾರಣಕ್ಕೆ ಮಕ್ಕಳನ್ನು ಅಂಗಡಿಗೆ ಕಳುಹಿಸಿ ಎನ್ನುವುದು ಬೇರೆ ಮಾತು.

ಮೊದಲನೆಯದಾಗಿ ಕಾನೂನು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14ರಿಂದ 18 ವರ್ಷದವರನ್ನು ಕಿಶೋರ ಕಾರ್ಮಿಕರೆಂದು ಗುರುತಿಸಲಾಯಿತು. ಅಪಾಯಕಾರಿಯಲ್ಲದ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳಬಹುದು. ಆದರೆ ಸತತ ಮೂರು ಗಂಟೆ ದುಡಿದರೆ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಕೂಡದು. ಕಾಲೇಜು ಬಿಡುವುದು ನಾಲ್ಕಕ್ಕೆ, ಪೇಟೆಯ ವ್ಯಾಪಾರ ಕಾವೇರುವುದು ಏಳರ ಮೇಲೆ. ಗಿರಾಕಿ ತುಂಬಿರುವ ಹೊತ್ತಿನಲ್ಲಿ ಹುಡುಗನನ್ನು ಮನೆಗೆ ಕಳುಹಿಸುವ ಮಾಲೀಕರು ಎಷ್ಟು ಮಂದಿ ಇದ್ದಾರೆ? ನಾನು ಕಂಡ ಹುಡುಗರೆಲ್ಲ ಮನೆ ಸೇರುವುದು ರಾತ್ರಿ ಹತ್ತಕ್ಕೆ. ಬೆಳಗಿನ ಮೊದಲ ಅವಧಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವವರು ಇವರೇ. ಮದುವೆ ಜವಳಿಯ ಕಾಲವೂ ವಾರ್ಷಿಕ ಪರೀಕ್ಷೆಯ ಕಾಲವೂ ಒಟ್ಟಿಗೇ ಬರುತ್ತವೆ. ತರಗತಿಗೆ 75 ಶೇಕಡಾ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ.

ಎರಡನೆಯದಾಗಿ, ಹದಿನಾರರ ಹುಡುಗನನ್ನು ಗಿರಾಕಿಯ ಮುಂದೆ ಯಾರು ಕೂರಿಸುತ್ತಾರೆ? ಗೋದಾಮು, ರಟ್ಟಿನ ಪೆಟ್ಟಿಗೆ, ಬಾಗಿಲಲ್ಲಿ ಕರಪತ್ರ ಹಂಚುವುದು, ಬೈಕು ಸಾಲಾಗಿ ನಿಲ್ಲಿಸುವುದು. ಎಲ್ಲ ಮಕ್ಕಳೂ ವ್ಯಾಪಾರಕ್ಕೇ ಇಳಿಯಬೇಕೆಂದರೆ ನಾಳೆ ಲೆಕ್ಕ ಬರೆಯುವವರು, ಪಾಠ ಮಾಡುವವರು ಎಲ್ಲಿಂದ ಬರಬೇಕು? ಅನುಭವವೇ ಬೇಕೆಂದರೆ ಆಂತರಿಕ ಮೌಲ್ಯಮಾಪನದ ಪ್ರಾಜೆಕ್ಟ್ ಇದೆ. ಸಂತೆಗೆ ಹೋಗಿ ಹತ್ತು ಜನ ವ್ಯಾಪಾರಿಗಳನ್ನು ಮಾತಾಡಿಸಿ ಬರೆಯಲಿ.

ಕಳೆದ ವರ್ಷ ದಿನಸಿ ಮಳಿಗೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ಯಾಕೇಜಿಂಗಿನ ಕಾರ್ಯಗಳನ್ನು ವಿವರಿಸಿ ಎಂದು ನಾಲ್ಕು ಅಂಕದ ಪ್ರಶ್ನೆ ಕೊಟ್ಟಿದ್ದೆ. ಪುಸ್ತಕದಲ್ಲಿರುವುದು ನಾಲ್ಕು: ಸರಕನ್ನು ಗುರುತಿಸುವುದು, ರಕ್ಷಿಸುವುದು, ಬಳಕೆ ಸುಲಭ ಮಾಡುವುದು, ಮಾರಾಟಕ್ಕೆ ಉತ್ತೇಜನ ಕೊಡುವುದು. ಅವನು ಒಂದೂವರೆ ಪುಟ ಬರೆದಿದ್ದ. ಎಣ್ಣೆ ಪೆಟ್ಟಿಗೆ ಯಾವಾಗಲೂ ಕೆಳಗೆ, ಬಿಸ್ಕತ್ತು ಮೇಲೆ. ಮಳೆಗಾಲದಲ್ಲಿ ರಟ್ಟು ಒದ್ದೆಯಾದರೆ ತಳ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ನೆಲಕ್ಕೆ ಹಲಗೆ ಹಾಕಿ ಪೇರಿಸಬೇಕು. ಸಾಬೂನಿನ ಪಕ್ಕ ಚಹಾಪುಡಿ ಇಟ್ಟರೆ ವಾಸನೆ ಹತ್ತುತ್ತದೆ. ನಾಲ್ಕರಲ್ಲಿ ರಕ್ಷಣೆ ಒಂದನ್ನೇ ಬರೆದಿದ್ದನಾದ್ದರಿಂದ ಒಂದು ಅಂಕ ಕೊಟ್ಟೆ.

ಉತ್ತರಪತ್ರಿಕೆ ಹಿಡಿದು ಕೊಠಡಿಗೆ ಬಂದು, "ಇದೂ ಪ್ಯಾಕೇಜಿಂಗೇ ಅಲ್ಲವೇ ಸರ್?" ಎಂದ. ಹೌದು ಎಂದೆ. ಪುಸ್ತಕ ತೆರೆದು ಉಳಿದ ಮೂರನ್ನು ಓದಿಸಲು ಕೂರಿಸಿಕೊಂಡೆ. ಎರಡನೆಯದು ಮುಗಿಯುವಷ್ಟರಲ್ಲಿ ಗಡಿಯಾರ ನೋಡಿ, ಅಂಗಡಿಗೆ ಹೊತ್ತಾಯಿತೆಂದು ಎದ್ದು ಹೋದ.