ಇಲ್ಲದ ಕೊಳವೆ

ನಮ್ಮ ಅಪ್ಪ ನಿವೃತ್ತ ಗಣಿತದ ಮೇಷ್ಟರು. ಯಾವ ವಸ್ತುವನ್ನು ಕೊಳ್ಳುವುದಾದರೂ ಅದರಲ್ಲಿ ಏನೇನಿದೆ ಎಂದು ಮೊದಲು ಕೇಳಿ, ಪಟ್ಟಿ ಮಾಡಿ, ಕೂಡಿ, ಕಳೆದು, ಆಮೇಲೆ ಬೇಡ ಎನ್ನುವುದು ಅವರ ಪದ್ಧತಿ. ಆದ್ದರಿಂದ ಕಳೆದ ಬೇಸಿಗೆಯಲ್ಲಿ, ರಾಮನವಮಿಯ ಪಾನಕ ಕುಡಿದ ಮರುದಿನ, ಡಕ್ಟ್ ಎಂಬ ಗಾಳಿಕೊಳವೆ ಇಲ್ಲದ ಏಸಿಯೊಂದನ್ನು ಮನೆಗೆ ತರುವ ವಿಷಯವೆತ್ತಿ, ಕೊಳವೆಗಳಿಲ್ಲದಿರುವುದೇ ಅದರ ದೊಡ್ಡ ಗುಣ ಎಂದು ನಾನು ವಿವರಿಸಿದಾಗ, ಅವರು ಕನ್ನಡಕವನ್ನು ಹಣೆಗೇರಿಸಿ, "ನಮ್ಮನೇಲಿ ಈಗಲೂ ಕೊಳವೆ ಇಲ್ಲವಲ್ಲಪ್ಪ. ಇಲ್ಲದೇ ಇರೋದನ್ನ ಇಲ್ಲ ಅನ್ನಿಸೋದಕ್ಕೆ ನಲವತ್ತು ಸಾವಿರವೇ?" ಎಂದು ಕೇಳಿದರು. ಮೈಸೂರಿನ ಕೃಷ್ಣಮೂರ್ತಿಪುರದ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಉತ್ತರವಿದ್ದದ್ದು ಅಮೆರಿಕದ ಡಲ್ಲಾಸ್‌ನಲ್ಲಿ. ಅಲ್ಲಿರುವ ನನ್ನ ಭಾವಮೈದ ವಿಡಿಯೋ ಕರೆಯಲ್ಲಿ ಪ್ರತ್ಯಕ್ಷನಾಗಿ, ತನ್ನ ಮನೆಯ ವ್ಯವಸ್ಥೆಯನ್ನು ಬಣ್ಣಿಸಿದ. ಇಡೀ ಮನೆಗೆ ಒಂದೇ ದೊಡ್ಡ ಯಂತ್ರವಂತೆ. ಅದು ತಣ್ಣಗೆ ಮಾಡಿದ ಗಾಳಿ ಅಟ್ಟದ ಮೇಲೆ ಹಾಯುವ ಅಗಲವಾದ ಕೊಳವೆಗಳಲ್ಲಿ ಹರಿದು, ಯಾರಿದ್ದರೂ ಇಲ್ಲದಿದ್ದರೂ ಎಲ್ಲ ಕೋಣೆಗಳಿಗೂ ಇಳಿಯುತ್ತದಂತೆ. ಬೇಸಿಗೆಯಲ್ಲಿ ಅಟ್ಟ ಕಾದ ಕಾವಲಿಯಂತಿರುವುದರಿಂದಲೂ ಕೊಳವೆಗಳ ಕೀಲುಗಳಲ್ಲಿ ಗಾಳಿ ಸೋರುವುದರಿಂದಲೂ ತಂಪಿಗೆಂದು ಸುಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಪಾಲು ದಾರಿಯಲ್ಲಿಯೇ ಪೋಲಾಗಬಹುದೆಂದು ಆ ದೇಶದ ಇಂಧನ ಇಲಾಖೆಯೇ ಹೇಳುತ್ತದೆ ಎಂದೂ ಅವನು ತಿಳಿಸಿದ. ಅಪ್ಪನಿಗೆ ಇದು ತಟ್ಟನೆ ಅರ್ಥವಾಯಿತು. ನಮ್ಮ ತಾಯಿಯ ತವರು ಮಂಡ್ಯ ಜಿಲ್ಲೆಯಲ್ಲಿ, ನಾಲೆಯ ಕೊನೆಯ ಭಾಗದಲ್ಲಿದೆ. "ಓಹೋ, ತೂಬು ಬಿಟ್ಟಾಗ ತುಂಬಿದ ನೀರು, ಕೊನೇ ಗದ್ದೆಗೆ ಬರೋ ಹೊತ್ತಿಗೆ ಬರೀ ಒದ್ದೆ" ಎಂದರು.

ಡಕ್ಟ್ ಇಲ್ಲದ ಏಸಿಯಲ್ಲಿ ಈ ರಗಳೆ ಇಲ್ಲ ಎಂದು ಭಾವಮೈದ ಮುಂದುವರಿಸಿದ. ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ಎರಡು ಸಣ್ಣ ತಾಮ್ರದ ಪೈಪು, ಒಂದು ವೈರು, ನೀರು ಹೋಗಲು ಒಂದು ಪ್ಲಾಸ್ಟಿಕ್ ಪೈಪು. ಮಲಗುವ ಕೋಣೆಗೆ ಬೇಕಾದರೆ ಮಲಗುವ ಕೋಣೆಗಷ್ಟೇ ತಂಪು. ನಡುಮನೆಗೆ, ಅಡುಗೆಮನೆಗೆ ದಂಡ ತೆರಬೇಕಾಗಿಲ್ಲ. ಚಾವಣಿ ಒಡೆಯಬೇಕಾಗಿಲ್ಲ, ಮನೆಯ ಅಂದ ಕೆಡುವುದಿಲ್ಲ. "ಗೋಡೆಯಲ್ಲಿ ಒಂದು ಮೂರಿಂಚಿನ ತೂತು, ಅಷ್ಟೇ ಭಾವ" ಎಂದ. ನಾನು ಮುಂದೆ ಹೇಳಲಿರುವ ಸಂಗತಿಗಳಲ್ಲಿ ಮುಕ್ಕಾಲು ಪಾಲು ಆ ಮೂರಿಂಚಿನ ತೂತಿನಿಂದ ಹೊರಬಿದ್ದವು.

ಆದರೂ ಅಪ್ಪ ಕೊನೆಗೆ ಒಪ್ಪಿದ್ದು ಈ ಯಾವ ವಾದಕ್ಕೂ ಅಲ್ಲ, ಒಂದು ಇಸವಿಗೆ. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಮೊದಲ ಬಾರಿಗೆ ಆಧುನಿಕ ಏಸಿ ಯಂತ್ರವನ್ನು ರೂಪಿಸಿದ್ದು 1902ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕಾಗಿ. ಬೆವರುವ ಮನುಷ್ಯರ ಮೇಲಿನ ಕನಿಕರದಿಂದಲ್ಲ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ನೆಟ್ಟಗೆ ಕೂರುತ್ತಿರಲಿಲ್ಲ ಎಂಬ ಕಾರಣಕ್ಕೆ. ಇದನ್ನು ಕೇಳಿದ್ದೇ ಅಪ್ಪ ಎದ್ದು ಕುಳಿತರು. ಅದೇ 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. "ಅವರು ಯಂತ್ರ ಮಾಡಿದ ವರ್ಷವೇ ನಾವು ಕರೆಂಟು ಮಾಡಿದೀವಿ" ಎಂದು ಅವರು ಎದೆಯುಬ್ಬಿಸಿ ಹೇಳಿದ್ದನ್ನು ನಾನು ಅನುಮತಿಯೆಂದು ಭಾವಿಸಿ ಅಂಗಡಿಗೆ ಓಡಿದೆ.

ಅಂಗಡಿಯ ಹುಡುಗ ಕೋಣೆಯ ಉದ್ದಗಲ ಕೇಳಿ, ಒಂದೂವರೆ ಟನ್ ಸಾಕೆಂದ. ಒಂದು ಟನ್ ಎಂದರೆ 24 ಗಂಟೆಗಳಲ್ಲಿ ಒಂದು ಟನ್ ಮಂಜುಗಡ್ಡೆ ಕರಗುವಾಗ ಹೀರುವಷ್ಟು ಶಾಖವೆಂದೂ, ಇದು ಅಮೆರಿಕದ ಟನ್ ಆದ್ದರಿಂದ ನಮ್ಮ ಲೆಕ್ಕದಲ್ಲಿ 907 ಕೆಜಿ ಮಾತ್ರವೆಂದೂ ಅಪ್ಪ ಮನೆಯಲ್ಲಿ ಕುಳಿತೇ ಕಂಡುಹಿಡಿದು, ದಿನಕ್ಕೆ 1,360 ಕೆಜಿ ಮಂಜುಗಡ್ಡೆಯನ್ನು ಕೊಂಡು ತಂದರೆ ಎಷ್ಟಾಗುತ್ತದೆಂದು ಹೋಲಿಸಿ ನೋಡಿ, ಏಸಿಯೇ ಅಗ್ಗವೆಂದು ತೀರ್ಪಿತ್ತರು. ಆದರೆ ಉದ್ದಗಲ ಹೇಳಿದ ನಾನು ಎತ್ತರ ಹೇಳಿರಲಿಲ್ಲ. ನಮ್ಮ ತಾತ ಕಟ್ಟಿಸಿದ ಆ ಮನೆಯ ಚಾವಣಿ ನೆಲದಿಂದ 14 ಅಡಿ ಮೇಲಿದೆ. ಅದರ ಕೆಳಗೆ ಎರಡು ಗವಾಕ್ಷಿಗಳಿವೆ. ಗೋಡೆ ಒಂದೂವರೆ ಅಡಿ ದಪ್ಪವಿದೆ.

ತೂತು ಕೊರೆಯಲು ಬಂದ ಇಬ್ಬರು ಹುಡುಗರು ಹೊಸ ಬಡಾವಣೆಗಳ ಆರಿಂಚಿನ ಗೋಡೆಗಳಿಗೆ ಒಗ್ಗಿದವರು. ಹತ್ತು ನಿಮಿಷದ ಕೆಲಸ ಸಾರ್ ಎಂದು ಡ್ರಿಲ್ ಮೆಷಿನ್ನನ್ನು ಗೋಡೆಗೆ ಆನಿಸಿದರು. ಅರ್ಧ ಗಂಟೆಯ ಮೇಲೆ ಮೆಷಿನ್ನಿನ ಮೂತಿ ಪೂರ್ತಿಯಾಗಿ ಗೋಡೆಯೊಳಗೆ ಹೋಗಿತ್ತು, ಆದರೆ ಆಚೆ ಕಡೆ ಏನೂ ಕಾಣಿಸಿರಲಿಲ್ಲ. ತಾತ ಆ ಗೋಡೆಯನ್ನು ಇಟ್ಟಿಗೆ, ಕೆಮ್ಮಣ್ಣು, ಸುಣ್ಣದ ಗಾರೆ ಮತ್ತು ಕಿರಿಯರ ಮೇಲಿನ ಅಪನಂಬಿಕೆಯಿಂದ ಕಟ್ಟಿಸಿದ್ದರು. ಕೆಂಪು ಧೂಳು ಮೊದಲು ಪುಸ್ತಕದ ಬೀರುವನ್ನೂ, ಆಮೇಲೆ ಹಾಸಿಗೆಯನ್ನೂ, ಕೊನೆಗೆ ನಡುಮನೆಯ ಚಾಮುಂಡೇಶ್ವರಿಯ ಪಟವನ್ನೂ ಆವರಿಸಿತು. ಅಪ್ಪನ ಮುಖ ನೋಡಿ, ಇನ್ನು ಕೆಲಸ ನಿಂತಿತೆಂದೇ ನಾನು ಎಣಿಸಿದೆ. ಅಷ್ಟರಲ್ಲಿ ಆ ಹುಡುಗರಲ್ಲೊಬ್ಬ ಬೆವರೊರೆಸಿಕೊಂಡು, "ಏನ್ ಗೋಡೆ ಸಾರ್ ಇದು! ಈ ಥರ ಗೋಡೆ ನಾನು ಎಲ್ಲೂ ನೋಡಿಲ್ಲ" ಎಂದ. ಅಪ್ಪ ಕೂಡಲೇ ಅವನಿಗೆ ಕಾಫಿ ತರಿಸಿದರು. ಎರಡನೆಯ ತೂತಿಗೆ ಅಪ್ಪಣೆ ಸಿಕ್ಕಿದ್ದು ಆ ಒಂದು ಮಾತಿನ ಬಲದಿಂದ.

ಎರಡನೆಯ ತೂತು ಏಕೆ ಬೇಕಾಯಿತೆಂದರೆ, ಮೊದಲನೆಯದು ಮಧ್ಯಾಹ್ನದ ಹೊತ್ತಿಗೆ ಹೇಗೋ ಆಚೆ ಬಂದರೂ ತಪ್ಪು ದಿಕ್ಕಿಗೆ ಇಳಿಜಾರಾಗಿತ್ತು. ಗಾಳಿಯನ್ನು ತಂಪು ಮಾಡುವಾಗ ಅದರ ತೇವ ನೀರಾಗಿ ಇಳಿಯುತ್ತದೆ. ಆ ನೀರು ತಾನಾಗಿ ಹೊರಗೆ ಹರಿಯಬೇಕಾದರೆ ತೂತು ಒಳಗಿಂದ ಹೊರಕ್ಕೆ ತುಸು ಬಾಗಿರಬೇಕು. ನಮ್ಮದು ಹೊರಗಿನ ನೀರನ್ನು ಕೂಡ ಒಳಕ್ಕೆ ಆಹ್ವಾನಿಸುವಂತಿತ್ತು. ಹೀಗಾಗಿ ಅದರಿಂದ ಒಂದು ಅಡಿ ಪಕ್ಕದಲ್ಲಿ, ಈ ಬಾರಿ ಅಪ್ಪ ಖುದ್ದಾಗಿ ಕೋನಮಾಪಕ ಹಿಡಿದು ನಿಂತು, ಇನ್ನೊಂದನ್ನು ಕೊರೆಸಿದರು. ಮೊದಲನೆಯ ತೂತಿಗೆ, ಮೇಸ್ತ್ರಿ ಬಂದು ಗಾರೆ ಹಾಕುವವರೆಗೆ ಇರಲಿ ಎಂದು, ನನ್ನ ಹೆಂಡತಿ ಎರಡೂ ಕಡೆ ತೆಂಗಿನ ಚಿಪ್ಪು ಸಿಕ್ಕಿಸಿದಳು. ಮೇಸ್ತ್ರಿ ನಾಳೆ ಬರುತ್ತಾನೆ. ಅವನು ನಾಳೆ ಬರಲು ತೊಡಗಿ ಈಗ ವರ್ಷವಾಗುತ್ತ ಬಂತು.

ಮೊದಲ ರಾತ್ರಿ ಏಸಿ ಹಾಕಿದಾಗ ಅದರ ಅರ್ಧ ತಂಪು ಗವಾಕ್ಷಿಗಳಿಂದ ಹಾರಿ ಚಾಮುಂಡಿಬೆಟ್ಟದ ಕಡೆಗೆ ಹೊರಟುಹೋಯಿತು. ಅವುಗಳಿಗೆ ರಟ್ಟು ಬಡಿದದ್ದಾಯಿತು. ಕೋಣೆಗೊಂದರಂತೆ ತಂಪು, ಯಾರ ಹವೆ ಅವರಿಗೆ ಎಂಬುದು ಡಕ್ಟ್ ಇಲ್ಲದ ಏಸಿಯ ಹೆಗ್ಗಳಿಕೆಯಷ್ಟೆ? ನಮ್ಮಲ್ಲಿ ಒಂದೇ ಕೋಣೆಗೆ ಏಸಿ ಇದ್ದುದರಿಂದ ಮನೆಯ ಏಳೂ ಮಂದಿ, ಬೇಸಿಗೆ ರಜೆಗೆ ಬಂದ ತಂಗಿಯ ಮಕ್ಕಳೂ ಸೇರಿ, ಆ ಒಂದೇ ಕೋಣೆಯಲ್ಲಿ ಚಾಪೆ ಹಾಸಿದರು. ಮನುಷ್ಯ ಸುಮ್ಮನೆ ಕುಳಿತರೂ ಸುಮಾರು 100 ವಾಟ್‌ನ ಬಲ್ಬಿನಷ್ಟು ಶಾಖ ಸೂಸುತ್ತಾನೆ. ಇಬ್ಬರಿಗೆಂದು ಲೆಕ್ಕ ಹಾಕಿ ತಂದ ಯಂತ್ರದ ಕೆಳಗೆ ಏಳು ಬಲ್ಬುಗಳು ಉರಿಯುತ್ತಿದ್ದವು. ಅವುಗಳಲ್ಲಿ ಎರಡು ಗೊರಕೆಯನ್ನೂ ಹೊಡೆಯುತ್ತಿದ್ದವು. ಅಪ್ಪ ಮೊದಲೆರಡು ದಿನ, ಏಸಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲಷ್ಟೇ ಬಂದೆ ಎಂದು ಬಾಗಿಲಲ್ಲಿ ನಿಂತರು. ಮೂರನೆಯ ದಿನ ದಿಂಬಿನೊಡನೆ ನೋಡಲು ಬಂದರು.

ರಿಮೋಟ್ ಯಾರ ಕೈಯಲ್ಲಿರಬೇಕೆಂಬುದು ಮುಂದಿನ ಸಮಸ್ಯೆ. 2020ರ ಜನವರಿಯಿಂದ ನಮ್ಮ ದೇಶದ ಏಸಿಗಳು ಹಾಕಿದೊಡನೆ 24 ಡಿಗ್ರಿಗೆ ನಿಲ್ಲುವಂತಿರಬೇಕೆಂಬ ನಿಯಮವಿದೆ. ಮಕ್ಕಳು ಬೇಗ ತಣ್ಣಗಾಗಲೆಂದು 18ಕ್ಕೆ ಇಳಿಸುತ್ತಾರೆ. ಕೋಣೆ ಎಲ್ಲಿಗೆ ತಲುಪಿ ನಿಲ್ಲಬೇಕೆಂಬುದನ್ನಷ್ಟೇ ಆ ಅಂಕಿ ತಿಳಿಸುತ್ತದೆಂದು ಹೇಳಿ ನನಗೆ ಗಂಟಲು ಒಣಗಿತು. ಒಂದೊಂದು ಡಿಗ್ರಿ ಏರಿಸಿದರೆ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 6 ಭಾಗ ಉಳಿಯುತ್ತದೆಂದು ನಾನು ಬಾಯಿತಪ್ಪಿ ಹೇಳಿದ್ದನ್ನು ಅಪ್ಪ ಹಿಡಿದುಕೊಂಡರು. "ಹಾಗಾದರೆ 24ರಿಂದ 36ಕ್ಕೆ ಏರಿಸಿದರೆ ನೂರಕ್ಕೆ 72 ಭಾಗ ಉಳಿತಾಯ. 36 ಡಿಗ್ರಿ ನಮ್ಮ ಜಗಲಿಯ ಮೇಲೆ ಬಿಟ್ಟಿ ಸಿಗುತ್ತೆ" ಎಂದರು. ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ ಎಂಬ ಭಯದಿಂದ ಅವರು ದಿನವೂ ಬೆಳಿಗ್ಗೆ ಸ್ನಾನಕ್ಕೂ ಮೊದಲು ಮೀಟರ್ ಓದಿ, ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಪಕ್ಕದಲ್ಲಿ ಬರೆಯತೊಡಗಿದರು.

ಹತ್ತನೆಯ ದಿನ ರಾತ್ರಿ ಎರಡು ಗಂಟೆಗೆ ಅಪ್ಪನ ಹಣೆಯ ಮೇಲೆ ನೀರು ತೊಟ್ಟಿಕ್ಕಿತು. ನೋಡಿದರೆ ಏಸಿಯೊಳಗೆ ಮಂಜು ಕಟ್ಟಿ, ಅದು ಕರಗಿ ಸುರಿಯುತ್ತಿತ್ತು. ಬೆಳಿಗ್ಗೆ ಬಂದ ಮೆಕ್ಯಾನಿಕ್ ಯಂತ್ರವನ್ನು ಮುಟ್ಟದೆಯೇ ಗ್ಯಾಸ್ ಹೋಗಿದೆ ಎಂದ. ಎಲ್ಲಿಗೆ ಹೋಗಿದೆ ಎಂದು ಅಪ್ಪ ಕೇಳಿದರು. ಅದು ಪ್ರಾಮಾಣಿಕವಾದ ಪ್ರಶ್ನೆ. ಆ ಗ್ಯಾಸ್ ಸೀಮೆಣ್ಣೆಯಂತೆ ಉರಿದು ಮುಗಿಯುವುದಿಲ್ಲ, ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ, ಎಲ್ಲಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಮೆಕ್ಯಾನಿಕ್ ಉತ್ತರ ಹುಡುಕುತ್ತಿರುವಾಗ ನನ್ನ ಹೆಂಡತಿ ಸ್ಟೂಲು ಹತ್ತಿ ಮುಚ್ಚಳ ತೆರೆದು ಜಾಲರಿಯನ್ನು ಹೊರಗೆಳೆದಳು. ಅದರ ತುಂಬ ನಮ್ಮದೇ ಗೋಡೆಯ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಗಾಳಿ ಆಡದೆ ಒಳಗಿನ ಸುರುಳಿ ಮಂಜುಗಟ್ಟಿತ್ತು, ಅಷ್ಟೇ. ಅವಳು ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಮೆಕ್ಯಾನಿಕ್ ಬಂದುಹೋದ ತಪ್ಪಿಗೆ 500 ರೂಪಾಯಿ ಕೊಟ್ಟೆವು. ತಾತನ ಗೋಡೆ ಸೇಡು ತೀರಿಸಿಕೊಂಡಿತೆಂದು ಅಪ್ಪ ಬಂದವರಿಗೆಲ್ಲ ಸಂತೋಷದಿಂದ ಹೇಳಿಕೊಂಡರು.

ಹೊರಗಿನ ಪೆಟ್ಟಿಗೆಯ ಕಥೆ ಬೇರೆ. ಅದು ಕೂತದ್ದು ಪಕ್ಕದ ಮನೆಯ ಅಜ್ಜಿಯ ಹಿತ್ತಿಲಿಗೆ ಎದುರಾಗಿ. ಮೊದಲ ವಾರವೇ ಅವರು ಗೋಡೆಯಾಚೆಯಿಂದ, "ಮೇಷ್ಟ್ರೇ, ನಿಮ್ಮನೆ ಸೆಖೆಯನ್ನೆಲ್ಲ ತಂದು ನಮ್ಮ ಹಿತ್ತಿಲಿಗೆ ಸುರೀತಿದೀರಲ್ಲ, ಇದು ನ್ಯಾಯವೇ?" ಎಂದು ಕೂಗಿದರು. ಅಪ್ಪ ಬಹಳ ನೊಂದುಕೊಂಡರು, ಏಕೆಂದರೆ ಅಜ್ಜಿಯ ಮಾತು ವಿಜ್ಞಾನದ ಪ್ರಕಾರ ಸರಿಯಾಗಿತ್ತು. ಏಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಜೊತೆಗೆ ತಾನು ತಿಂದ ವಿದ್ಯುತ್ತಿನ ಶಾಖವನ್ನೂ ಸೇರಿಸುತ್ತದೆ. ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸಬೇಕೆಂದರೆ ಮೂರನೆಯ ತೂತು. ನಾವು ಈ ಚಿಂತೆಯಲ್ಲಿರುವಾಗ ನಾಲ್ಕು ದಿನ ಕಳೆದು ಅಜ್ಜಿ ಒಂದು ಡಬ್ಬಿ ಸಂಡಿಗೆಯನ್ನು ಕಳಿಸಿದರು. ಹಿತ್ತಿಲಿನ ಹಗ್ಗದ ಮಂಚದ ಮೇಲೆ ಪಂಚೆ ಹಾಸಿ ಇಟ್ಟ ಸಂಡಿಗೆ, ನಮ್ಮ ಪೆಟ್ಟಿಗೆಯ ಬಿಸಿಗಾಳಿಗೆ ಎರಡೇ ದಿನಗಳಲ್ಲಿ ಗರಿಗರಿಯಾಗಿ ಒಣಗಿತ್ತಂತೆ. ಕಾಗೆಗಳೂ ಆ ಸದ್ದಿಗೆ ಹತ್ತಿರ ಸುಳಿದಿರಲಿಲ್ಲವಂತೆ. ಆಮೇಲೆ ನಾವು ಮಧ್ಯಾಹ್ನ ಏಸಿ ಹಾಕದಿದ್ದರೆ, "ಇವತ್ತು ಯಾಕೆ ಹಾಕಿಲ್ಲ, ಯಾರಿಗಾದರೂ ಹುಷಾರಿಲ್ಲವೇ?" ಎಂಬ ವಿಚಾರಣೆ ನಡೆಯತೊಡಗಿತು. ಆ ದನಿ ಬರುತ್ತಿದ್ದುದು ಕಿಟಕಿಯಿಂದಲ್ಲ, ತೆಂಗಿನ ಚಿಪ್ಪಿನ ಮೊದಲನೆಯ ತೂತಿನಿಂದ. ಅಜ್ಜಿ ತಮ್ಮ ಕಡೆಯ ಚಿಪ್ಪನ್ನು ಕೋಲಿನಿಂದ ತಳ್ಳಿ ತೆಗೆದಿದ್ದರು.

ಮೈಸೂರಿನ ಬೇಸಿಗೆಯನ್ನು ನಂಬಿ ಏಸಿ ಕೊಂಡವನು ಮೋಸಹೋಗುತ್ತಾನೆ. ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ನಿಜವಾದ ಸೆಖೆ ಒಂದೂವರೆ ತಿಂಗಳು. ಮೇ ಮೊದಲ ವಾರ ಭರಣಿ ಮಳೆ ಮೂರು ದಿನ ಬಿಡದೆ ಸುರಿದು, ಧರಣಿಯೆಲ್ಲ ತಣ್ಣಗಾಗಿ, ನಾವು ರಿಮೋಟನ್ನು ಬೀರುವಿನೊಳಗೆ ಇಟ್ಟೆವು. ಕ್ಯಾಲೆಂಡರಿನಲ್ಲಿ ಆ ತಿಂಗಳ ಲೆಕ್ಕ ತೀರಾ ಕಡಿಮೆಯಿದ್ದು, ಅಪ್ಪ ಉಲ್ಲಾಸದಲ್ಲಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಗೋಡೆ ಮಾತನಾಡಿತು. ಅಜ್ಜಿಯ ಮೊಮ್ಮಗಳ ಸೀಮಂತಕ್ಕೆಂದು ಇಟ್ಟ ಸಂಡಿಗೆ ಹಸಿಯಾಗಿಯೇ ಉಳಿದು, ಹೀಗೆಯೇ ಬಿಟ್ಟರೆ ಬೂಷ್ಟು ಹಿಡಿಯುವುದಾಗಿಯೂ, ಮೇಷ್ಟರು ದಯವಿಟ್ಟು ಎರಡು ಗಂಟೆ ಹಾಕಬೇಕಾಗಿಯೂ ಅದು ಕೇಳಿಕೊಂಡಿತು.

ಅಪ್ಪ 24ಕ್ಕೆ ಹಾಕಿದರು. ಕೋಣೆ ಆಗಲೇ ತಣ್ಣಗಿದ್ದುದರಿಂದ ಹೊರಗಿನ ಪೆಟ್ಟಿಗೆ ಹತ್ತು ನಿಮಿಷ ಓಡಿ ಸುಮ್ಮನಾಯಿತು. "ನಿಂತುಹೋಯ್ತು ಮೇಷ್ಟ್ರೇ" ಎಂದಿತು ಗೋಡೆ. ಅಪ್ಪ ಬಾಗಿಲ ಕಡೆ ನೋಡಿದರು. ಮಕ್ಕಳಾರೂ ಇಲ್ಲವೆಂದು ಖಚಿತಪಡಿಸಿಕೊಂಡು 18ಕ್ಕೆ ಇಳಿಸಿದರು. ಸಂಜೆ ನಾನು ಆಫೀಸಿನಿಂದ ಬಂದಾಗ, ಹೊರಗೆ ಜಡಿಮಳೆ, ಒಳಗೆ ಮಂಕಿ ಟೋಪಿ ಹಾಕಿಕೊಂಡು ಎರಡು ಶಾಲು ಹೊದ್ದು ಕುಳಿತ ಅಪ್ಪ, ನನ್ನನ್ನು ನೋಡಿಯೂ ನೋಡದಂತೆ ತೂತಿನ ಕಡೆಗೆ ಬಾಗಿ, ನಡುಗುವ ದನಿಯಲ್ಲಿ ಕೇಳುತ್ತಿದ್ದರು: "ಏನಮ್ಮಾ, ಮಗುಚಿ ಹಾಕಿದಿರಾ?"