ಸ್ಪಷ್ಟನೆ: ಕ್ರಾಸ್ ಕಂಟ್ರಿ ಎಂದರೆ ಕುದುರೆ ರೇಸ್ ಅಲ್ಲ

ಬೀದರ್‌ನ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನದಿಂದ ಒಂದು ವಿಡಿಯೊ ಓಡಾಡುತ್ತಿದೆ. ಕುದುರೆಯೊಂದು ನೀರಿಗೆ ಜಿಗಿದು ಆಚೆ ದಡ ಹತ್ತುತ್ತದೆ. ಕೆಳಗೆ ‘ಎಲ್ಲರಿಗಿಂತ ಜೋರಾಗಿ ಓಡಿದವರಿಗೇ ಪದಕ’ ಎಂಬ ಒಕ್ಕಣೆ. ಅದು ತಪ್ಪು.

ಆ ವಿಡಿಯೊದಲ್ಲಿರುವುದು ಕ್ರಾಸ್ ಕಂಟ್ರಿ, ಅಂದರೆ ಬಯಲಿನಲ್ಲಿ ಬೇಲಿ, ನೀರಿನಂಥ ಅಡೆತಡೆ ದಾಟುತ್ತ ಹೋಗುವ ಸವಾರಿ. ಅದು ಈವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆಯ ಒಂದು ಭಾಗ. ಅದರಲ್ಲಿ ಡ್ರೆಸಾಜ್ (ಕುದುರೆಯನ್ನು ಹೇಳಿದ ಹಾಗೆ ನಡೆಸಿ ತೋರಿಸುವುದು), ಕ್ರಾಸ್ ಕಂಟ್ರಿ, ಜಂಪಿಂಗ್ (ಅಂಕಣದಲ್ಲಿ ಅಡ್ಡಗೋಲು ಹಾರಿಸುವುದು) ಮೂರರ ದಂಡದ ಅಂಕ ಕೂಡಿಸುತ್ತಾರೆ. ಕಡಿಮೆ ಇದ್ದವರು ಗೆದ್ದಂತೆ. ಕ್ರಾಸ್ ಕಂಟ್ರಿಗೆ ನಿಗದಿತ ಸಮಯವಿದೆ. ಮೀರಿದ ಪ್ರತಿ ಸೆಕೆಂಡಿಗೆ 0.4 ಅಂಕ ದಂಡ, ಬೇಗ ಮುಗಿಸಿದರೆ ಹೆಚ್ಚಿನ ಲಾಭವೇನೂ ಇಲ್ಲ. ಕುದುರೆ ಬೇಲಿಯ ಮುಂದೆ ಒಮ್ಮೆ ನಿಂತುಬಿಟ್ಟರೆ 20. ಅಂದರೆ 50 ಸೆಕೆಂಡು ತಡವಾದಷ್ಟು ಪೆಟ್ಟು! ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಸವಾರ ಫೌವಾದ್ ಮಿರ್ಜಾ ಕ್ರಾಸ್ ಕಂಟ್ರಿಯ ಒಂದು ಬೇಲಿಯಲ್ಲೂ ತಪ್ಪಲಿಲ್ಲ. 28 ಸೆಕೆಂಡು ತಡವಾದದ್ದಕ್ಕೆ 11.2 ಅಂಕ ಬಿತ್ತು. ಕೊನೆಗೆ 23ನೇ ಸ್ಥಾನ.

ಕುದುರೆಗಳು ಒಟ್ಟಿಗೆ ಓಡುವುದೂ ಇಲ್ಲ, ಒಂದೊಂದಾಗಿ ಬಿಡುತ್ತಾರೆ.

ವಿಡಿಯೊ ಇನ್ನೊಮ್ಮೆ ನೋಡುವಾಗ ಸವಾರರ ಕೈ ಗಮನಿಸಿ. ನೀರಿಗೆ ಮುನ್ನ ವೇಗ ತಗ್ಗಿಸುತ್ತಾರೆ. ದುಮುಕುವ ಕ್ಷಣಕ್ಕೆ ಲಗಾಮನ್ನು ಬೆರಳ ಸಂದಿಯಿಂದ ಜಾರಬಿಟ್ಟು ಕುದುರೆಯ ಕತ್ತಿಗೆ ಜಾಗ ಕೊಡುತ್ತಾರೆ. ನನಗಂತೂ ಈ ಆಟದ ಸೊಗಸೇ ಅದು. ವಿಡಿಯೊ ಧಾರಾಳವಾಗಿ ಕಳಿಸಿರಿ, ಆ ಒಕ್ಕಣೆ ಮಾತ್ರ ತೆಗೆದುಬಿಡಿರಿ.