ಸರಾಸರಿ ಕನ್ನಡಿಗ ಯಾವ ಊರಿನವನು?

ನಮ್ಮ ಬೀದಿಯ ಕೊನೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡುಗಳು. ಬೆಳಿಗ್ಗೆ ಹಾಲು ತರಲು ಹೋದಾಗ ಅಲ್ಲಿಂದ ಒಲೆಯ ಹೊಗೆ, ಜೊತೆಗೆ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳಿದರೆ ಕಾಲು ಮುಂದೆ ಹೋಗುವುದಿಲ್ಲ. ನಾನೂ ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯವನೇ. ಬೆಂಗಳೂರಿಗೆ ಬಂದು ಹದಿನೆಂಟು ವರ್ಷ ಆಯಿತು, ಆದರೆ ಆ ಶೆಡ್ಡುಗಳ ಮುಂದೆ ನನ್ನ ಮಾತು ತಾನಾಗಿಯೇ ಊರಿಗೆ ಹೋಗಿಬಿಡುತ್ತದೆ.

"ಯಾವೂರಕ್ಕ ನಿಮ್ದು?" ಅಂದೆ.

"ಗುರುಮಠಕಲ್ ಕಡೀ ಯಣ್ಣಾ. ತೊಗರಿ ರಾಶಿ ಮುಗೀತು, ಬಂದೀವಿ."

ಗೊಬ್ಬರದ ಚೀಲವೊಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಬಟ್ಟೆ. ಗೋಡೆಯ ಮೊಳೆಗೆ ನೇತು ಹಾಕಿದ ಡಬ್ಬಿಯಲ್ಲಿ ಶೇಂಗಾ ಹಿಂಡಿ. ಎರಡು ಮಕ್ಕಳು, ದೊಡ್ಡದಕ್ಕೆ ಎಂಟು ವರ್ಷ ಇರಬಹುದು. ರಾತ್ರಿ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿ ಬೆಳಿಗ್ಗೆ ಇಲ್ಲಿ ಇಳಿದವರು. ಹೀಗೆ ಕೂಲಿಗಾಗಿ ಊರು ಬಿಟ್ಟು ಬರುವುದಕ್ಕೆ ನಮ್ಮ ಕಡೆ ಗುಳೆ ಅಂತೀವಿ.

ಅವತ್ತೇ ಮಧ್ಯಾಹ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಮೊಬೈಲ್ ತೋರಿಸಿದ. ತಲಾ ಆದಾಯದಲ್ಲಿ ದೇಶದ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ ಮುಂಚೂಣಿಯಲ್ಲಿದೆಯಂತೆ. ಖುಷಿಯ ವಿಷಯ, ಅಲ್ವಾ? ನನಗೂ ಖುಷಿಯೇ. ಆದರೆ ಆ ಲೆಕ್ಕವನ್ನು ಒಂದು ಸಲ ಬಿಚ್ಚಿ ನೋಡಿ. ರಾಜ್ಯದಲ್ಲಿ 31 ಜಿಲ್ಲೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ಅಲ್ಲಿನ ತಲಾ ಆದಾಯ ಕಲಬುರಗಿಯದಕ್ಕಿಂತ ನಾಲ್ಕೈದು ಪಟ್ಟು. ಬೆಂಗಳೂರು, ಕರಾವಳಿ, ಇನ್ನೊಂದೆರಡು ಜಿಲ್ಲೆ ಬಿಟ್ಟರೆ ಉಳಿದವೆಲ್ಲ ರಾಜ್ಯದ ಸರಾಸರಿಗಿಂತ ಕೆಳಗೇ ಇವೆ. ಸಾಹುಕಾರ ಒಬ್ಬ ಬಂದು ಪಂಕ್ತಿಯಲ್ಲಿ ಕೂತ ಅಂತ ಪಕ್ಕದವನ ಜೇಬು ತುಂಬುತ್ತದೆಯೇ?

ಇದು ಬರೀ ಲೆಕ್ಕದ ತಮಾಷೆಯಾಗಿದ್ದರೆ ಸುಮ್ನೆ ಇರುತ್ತಿದ್ದೆ. ಇದರಿಂದ ನಿಜವಾದ ದುಡ್ಡು ಹೋಗುತ್ತದೆ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು, ಈ ಹಂಚಿಕೆಯ ಸೂತ್ರ ಹೇಳುವ ಹಣಕಾಸು ಆಯೋಗಗಳಲ್ಲಿ 14ನೆಯದರ ಕಾಲದಲ್ಲಿ, ಶೇ 4.713 ಇತ್ತು. 15ನೇ ಆಯೋಗ 2021–26ರ ಅವಧಿಗೆ ಅದನ್ನು ಶೇ 3.647ಕ್ಕೆ ಇಳಿಸಿತು. ಆ ಆಯೋಗದ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೆ ಇತ್ತು. ಅಂದರೆ ತಲಾ ಆದಾಯ ಎಷ್ಟು ಜಾಸ್ತಿಯೋ ಪಾಲು ಅಷ್ಟು ಕಮ್ಮಿ. ಆಯೋಗಕ್ಕೆ ಜಿಲ್ಲೆ ಕಾಣುವುದಿಲ್ಲ, ರಾಜ್ಯ ಮಾತ್ರ ಕಾಣುತ್ತದೆ. ವೈಟ್‌ಫೀಲ್ಡಿನ ಸಂಬಳವನ್ನು ಗುರುಮಠಕಲ್ಲಿನ ಕೂಲಿಯ ಲೆಕ್ಕದಲ್ಲೂ ಬರೆದುಕೊಂಡು, "ನೀವು ಶ್ರೀಮಂತರು" ಅಂದಹಾಗೆ ಆಯಿತು.

2024ರ ಫೆಬ್ರವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ "ನಮ್ಮ ತೆರಿಗೆ ನಮ್ಮ ಹಕ್ಕು" ಅಂತ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ಕೂತರು. ನ್ಯಾಯವಾದ ಕೂಗೇ. ಆದರೆ ಆ ಘೋಷಣೆಯಲ್ಲಿ ಒಂದು ಗುಂಡಿ ಇದೆ. ಬೆಂಗಳೂರಿನವರೂ ಅದನ್ನೇ ಯಾದಗಿರಿಯ ಮುಂದೆ ಕೂಗಬಹುದು. ಕೂಗುತ್ತಲೂ ಇದ್ದಾರೆ! "ನಮ್ಮ ದುಡ್ಡು ತಗೊಂಡು ಅಲ್ಲಿಗೆ ಸುರಿಯೋದ್ಯಾಕೆ?" ಅಂತ ಅದೇ ಗೆಳೆಯ, ಅದೇ ಊಟದ ಟೇಬಲ್ಲಿನಲ್ಲಿ ಕೇಳಿದ. ಅವನು ಕೊಂಡಿರುವ ಫ್ಲಾಟಿನ ಇಟ್ಟಿಗೆ ಹೊತ್ತವರು ಯಾವ ಊರಿನವರು ಅಂತ ನಾನು ತಿರುಗಿ ಕೇಳಿದೆ. ಮಾತು ಮೊಸರನ್ನದ ಕಡೆ ಹೊರಳಿತು.

ಹಾಗಂತ ನಮ್ಮ ಕಡೆಗೆ ದುಡ್ಡೇ ಬಂದಿಲ್ಲ ಅಂತ ಹೇಳುವುದೂ ಸುಳ್ಳು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಎಂಟು ವರ್ಷಕ್ಕೆ 31,000 ಕೋಟಿ ಖರ್ಚು ಮಾಡಿ ಅಂದಿತು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅಂತಿದ್ದ ಹೆಸರೂ ಬದಲಾಗಿ ಕಲ್ಯಾಣ ಕರ್ನಾಟಕ ಆಯಿತು. ಊರಿಗೆ ಹೋದಾಗ ಸಿಸಿ ರಸ್ತೆ ಕಾಣುತ್ತದೆ, ಸಮುದಾಯ ಭವನ ಕಾಣುತ್ತದೆ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಶಾಸಕರ ಹೆಸರೂ ಕಾಣುತ್ತದೆ. ಮೇಷ್ಟ್ರು ಮಾತ್ರ ಕಾಣುವುದಿಲ್ಲ. ಕಾಂಕ್ರೀಟಿನ ಬಿಲ್ ಬೇಗ ಆಗುತ್ತದೆ, ಮೇಷ್ಟ್ರ ನೇಮಕಾತಿ ಆಗುವುದಿಲ್ಲ. ಇದರಲ್ಲಿ ನಮ್ಮ ಕಡೆಯ ನಾಯಕರ ಪಾಲು ದೊಡ್ಡದು, ಅದನ್ನು ಬೆಂಗಳೂರಿನ ತಲೆಗೆ ಕಟ್ಟಲು ನಾನು ತಯಾರಿಲ್ಲ.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ರ ಮೇಲೆ, ಯಾದಗಿರಿಯದು ಶೇ 52ಕ್ಕಿಂತ ಕೆಳಗೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಹದಿಮೂರು ವರ್ಷದಲ್ಲಿ ಒಂದು ಇಡೀ ತಲೆಮಾರು ಶಾಲೆ ಮುಗಿಸಿ ಹೋಯಿತು, ಅಂತರ ಮಾತ್ರ ಇದ್ದಲ್ಲೇ ಇದೆ.

ಇದರ ಜೊತೆಗೆ ಇನ್ನೊಂದು ಅಂಕಿ ಇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕೆಂದರೆ 2.1 ಬೇಕು. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸ್ವಲ್ಪ ಇಳಿದೇ ಹೋಯಿತು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಮಲೆನಾಡಿನ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ಮುದುಕರು. ಕರಾವಳಿಯ ಹುಡುಗರು ಮುಂಬೈ, ದುಬೈ ಅಂತ ಯಾವತ್ತೋ ಹೋದರು. ಬೀದಿಯಲ್ಲಿ ಮಕ್ಕಳ ಗಲಾಟೆ ಜೋರಾಗಿ ಕೇಳಬೇಕೆಂದರೆ ಈಗಲೂ ನಮ್ಮ ಕಡೆಯೇ ಬರಬೇಕು. ಇನ್ನು ಇಪ್ಪತ್ತು ವರ್ಷಕ್ಕೆ ಈ ರಾಜ್ಯದಲ್ಲಿ ದುಡಿಯುವ ವಯಸ್ಸಿನವರು ಅದೇ ಮಕ್ಕಳು. ಬೆಂಗಳೂರಿನ ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಿಗೆ ಬೇಕಾಗುವವರೂ ಅವರೇ. ಅವರು ಓದುತ್ತಿರುವುದು ಎಲ್ಲಿ ಅಂದರೆ ಆ ಎಸ್ಸೆಸ್ಸೆಲ್ಸಿ ಪಟ್ಟಿಯ ಕೊನೆಯಲ್ಲಿದ್ದ ಜಿಲ್ಲೆಯಲ್ಲಿ. ಅಥವಾ ನಮ್ಮ ಬೀದಿಯ ಆ ಮಗುವಿನ ಹಾಗೆ, ಎಲ್ಲೂ ಇಲ್ಲ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ, ಅವಳು ಇಲ್ಲಿ ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುತ್ತಿದ್ದಾಳೆ.

ಮುಂದಿನ ಜನಗಣತಿಯಲ್ಲಿ ತಲೆ ಎಣಿಸುವುದು 2027ರ ಫೆಬ್ರವರಿಯಲ್ಲಿ. ತೊಗರಿ ರಾಶಿ ಮುಗಿದು ಊರು ಖಾಲಿಯಾಗಿ, ಶೆಡ್ಡು ತುಂಬಿರುವ ಹೊತ್ತು ಸರಿಯಾಗಿ ಅದೇ. ಮೊನ್ನೆ ಆ ಅಕ್ಕನಿಗೆ ಇದನ್ನು ಹೇಳಿದೆ. ಹಿಟ್ಟಿನ ಕೈ ಹಾಗೇ ನಿಲ್ಲಿಸಿ ಕೇಳಿದಳು:

"ರೇಷನ್ ಕಾರ್ಡ್ ಊರಾಗೇ ಅದ, ಅತ್ತಿ ಊರಾಗೇ ಇದ್ದಾಳ. ನಮ್ಮನ್ನ ಯಾವ ಊರಾಗ ಬರಕೋತಾರ ಯಣ್ಣಾ?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಕೆಂಡದ ಮೇಲಿನ ರೊಟ್ಟಿ ಉಬ್ಬಿತ್ತು, ತಿರುವಿ ಹಾಕಿದಳು.